ಲೆಕ್ಕದ ಪುಸ್ತಕದ ಹಿಂಬದಿಯಿಂದ

ನಮ್ಮ ಉಮ್ಮಮ್ಮ ಬರೆಯುತ್ತಾರೆ. ಹೀಗೆ ಹೇಳಿದ ಕೂಡಲೇ ಕೆಲವರು "ಯಾವ ಪುಸ್ತಕ ಬಂದಿದೆ?" ಎಂದು ಕೇಳುತ್ತಾರೆ. ಯಾವುದೂ ಬಂದಿಲ್ಲ. ಎಂಬತ್ತು ಆಗಿರುವ ಅವರ ಒಂದು ಸಾಲೂ ಇದುವರೆಗೆ ಎಲ್ಲಿಯೂ ಅಚ್ಚಾಗಿಲ್ಲ. ಆದರೂ ನಮ್ಮ ಮನೆಯಲ್ಲಿ ಅವರ ಬರವಣಿಗೆ ಎಂದರೆ ಮೀನು ಹೆಚ್ಚುವುದು, ಅಕ್ಕಿ ಕೇರುವುದು ಇದ್ದ ಹಾಗೆ ಒಂದು ದಿನದ ಕೆಲಸ. ಲುಹರ್ ನಮಾಝ್ ಆಗಿ, ಊಟ ಮುಗಿದು, ಪಾತ್ರೆಗಳನ್ನು ಕವುಚಿಟ್ಟ ಮೇಲೆ ಅಸರ್ ಬಾಂಗ್ ಆಗುವ ತನಕದ ಹೊತ್ತು ಅವರದ್ದು. ಆ ಹೊತ್ತಿನಲ್ಲಿ ನೆಂಟರು ಬಂದರೂ ಚಾ ಮಾಡಿಕೊಡುವವರು ಬೇರೆಯವರು. ಅಕ್ಕಿ ಪೆಟ್ಟಿಗೆಯ ಮೇಲೆ ಪುಸ್ತಕ ಇಟ್ಟು, ಮುರಕ್ಕಿ ಮಣೆಯಲ್ಲಿ ಕುಳಿತು, ತಲೆಯ ತಟ್ಟದ ಅಂಚಿನಿಂದ ಕನ್ನಡಕ ಒರೆಸಿಕೊಂಡು ಬರೆಯುತ್ತಾರೆ. ಒಂದು ದಿನ ಅರ್ಧ ಪುಟ, ಒಂದು ದಿನ ಎರಡು ಸಾಲು. ಏನೂ ಇಲ್ಲದ ದಿನ ತಾರೀಕು ಹಾಕಿ "ಮೀನು ಬರಲಿಲ್ಲ" ಎಂದಾದರೂ ಬರೆಯುತ್ತಾರೆ.

ಬರೆದದ್ದು ಎಲ್ಲಿ ಎಂದರೆ ಅಂಗಡಿಯ ಲೆಕ್ಕದ ಪುಸ್ತಕಗಳಲ್ಲಿ. ಬಂದ್ಯೋಡಿನಲ್ಲಿ ನಮ್ಮದೊಂದು ದಿನಸಿ ಅಂಗಡಿ ಇತ್ತು. ಮರ್ಹೂಂ ಉಪ್ಪಪ್ಪ ಹಾಕಿದ್ದು, ಆಮೇಲೆ ಉಪ್ಪ ನಡೆಸಿದ್ದು. ಅಕ್ಕಿ, ಸಕ್ಕರೆ, ಒಣಮೀನು, ಬೀಡಿ, ಸೀಮೆಎಣ್ಣೆ. ಉಪ್ಪಪ್ಪ ಪ್ರತಿ ಏಪ್ರಿಲಿಗೆ ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕ ಒಂದನ್ನು ತೆಗೆಯುತ್ತಿದ್ದರು. ಮಾರ್ಚ್ ಕೊನೆಗೆ ಬರುವಾಗ ಹಿಂದೆ ಒಂದು ಮೂವತ್ತು ನಲವತ್ತು ಹಾಳೆ ಖಾಲಿ ಉಳಿಯುತ್ತಿತ್ತು. ಹಳೆ ಪುಸ್ತಕ ಮನೆಗೆ ಬಂದದ್ದೇ ಉಮ್ಮಮ್ಮ ಅದನ್ನು ಮಗುಚಿ ಹಾಕಿ, ಹಿಂದಿನಿಂದ, ಕಿತಾಬು ತೆರೆಯುವ ಹಾಗೆ ತೆರೆದು ಬರೆಯಲು ಶುರು ಮಾಡುತ್ತಿದ್ದರು. ಸ್ವಲ್ಪ ವರ್ಷದ ಮೇಲೆ ಮಾರ್ಚ್ ತನಕ ಕಾಯುವ ತಾಳ್ಮೆ ಅವರಿಗೆ ಉಳಿಯಲಿಲ್ಲ. ಹೊಸ ಪುಸ್ತಕದಲ್ಲಿಯೇ ರಾತ್ರಿ ಅಂಗಡಿ ಮುಚ್ಚಿ ಅದು ಮನೆಗೆ ಬಂದ ಮೇಲೆ ಹಿಂದಿನಿಂದ ಬರೆಯುವುದು, ಮುಂದಿನಿಂದ ಉಪ್ಪಪ್ಪನ ಲೆಕ್ಕ. ಒಂದು ವರ್ಷ ಫೆಬ್ರವರಿಯಲ್ಲಿಯೇ ಇಬ್ಬರೂ ನಡುವಿನಲ್ಲಿ ಎದುರುಬದುರಾದರು. ಆ ಪುಟ ನಾನು ನೋಡಿದ್ದೇನೆ. ಮೇಲೆ ಯಾರೋ ಎರಡು ಕಿಲೋ ಸಕ್ಕರೆ, ಒಂದು ಕಟ್ಟ ಬೀಡಿ ಉದ್ದರಿ ತೆಗೆದುಕೊಂಡದ್ದು. ಕೆಳಗೆ ತಲೆಕೆಳಗಾಗಿ ನಮ್ಮ ಅತ್ತೆಗೆ ಹಲ್ಲು ಬಂದ ವಿಷಯ. ಉಪ್ಪಪ್ಪ ಏನೂ ಹೇಳಲಿಲ್ಲವಂತೆ. ಮುಂದಿನ ಏಪ್ರಿಲಿಗೆ ನೂರು ಹಾಳೆಯದ್ದರ ಬದಲು ಇನ್ನೂರು ಹಾಳೆಯ ಪುಸ್ತಕ ತಂದರು. ನನ್ನ ಪ್ರಕಾರ ಉಪ್ಪಪ್ಪ ಉಮ್ಮಮ್ಮನಿಗೆ ಕೊಟ್ಟ ಅತಿ ದೊಡ್ಡ ಪ್ರಶಸ್ತಿ ಅದೇ.

ಉಮ್ಮಮ್ಮ ಓದಿದ್ದು ಐದನೇ ಕ್ಲಾಸು, ಕನ್ನಡ ಶಾಲೆಯಲ್ಲಿ. ಆಗ ನಮ್ಮ ಊರು ದಕ್ಷಿಣ ಕನ್ನಡ ಜಿಲ್ಲೆಯೇ. ಅವರಿಗೆ ಹನ್ನೆರಡು ವರ್ಷ ಆಗುವಾಗ, 1956ರ ನವೆಂಬರ್ ಒಂದಕ್ಕೆ, ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಅವರು ಶಾಲೆ ಬಿಟ್ಟು ಆಗಿತ್ತು, ಹಾಗಾಗಿ ರಾಜ್ಯ ಬದಲಾದದ್ದು ಅವರ ಅಕ್ಷರಕ್ಕೆ ತಾಗಲಿಲ್ಲ. ಅವರ ಉಮ್ಮ, ಅಂದರೆ ನನ್ನ ಮುತ್ತಜ್ಜಿ, ಅರಬಿ ಮಲಯಾಳಂ ಸರಾಗ ಓದುತ್ತಿದ್ದರು. ಗುರುವಾರ ರಾತ್ರಿ ಮುಹಿಯುದ್ದೀನ್ ಮಾಲೆ ಹಾಡುವಾಗ ಪುಸ್ತಕ ನೋಡಬೇಕಾಗಿಯೇ ಇರಲಿಲ್ಲವಂತೆ. ಆದರೆ ಬರೆಯಲು ಬರುತ್ತಿರಲಿಲ್ಲ. ಹುಡುಗಿಯರಿಗೆ ಓದಲು ಕಲಿಸಿದರೆ ಪುಣ್ಯ, ಬರೆಯಲು ಕಲಿಸಿದರೆ ಕಾಗದ ಬರೆಯುತ್ತಾರೆ ಎಂಬ ಹೆದರಿಕೆ ಆ ಮನೆಯಲ್ಲಿತ್ತು. ಉಮ್ಮಮ್ಮನಿಗೆ ಮದ್ರಸದಲ್ಲಿ ಓದು, ಶಾಲೆಯಲ್ಲಿ ಬರಹ ಎರಡೂ ಸಿಕ್ಕಿತು. ಅವರ ತಂಗಿಗೆ, ನಾವು ಚೆರಿಯುಮ್ಮ ಎಂದು ಕರೆಯುವವರಿಗೆ, ಮದ್ರಸ ಮಾತ್ರ. ಎಂಟು ವರ್ಷದ ಅಂತರದಲ್ಲಿ ಮನೆಯ ಧೈರ್ಯ ಹೆಚ್ಚಾಗುವ ಬದಲು ಕಡಿಮೆಯಾಗಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಉಮ್ಮಮ್ಮನ ಕನ್ನಡದ ಬಗ್ಗೆ ಒಂದು ಮಾತು. ನಮ್ಮ ಬ್ಯಾರಿಯಲ್ಲಿ ಲ ಮತ್ತು ಳ, ನ ಮತ್ತು ಣ ಬೇರೆ ಬೇರೆಯಾಗಿ ಕೇಳುವುದಿಲ್ಲ, ನಿಮಗೆಲ್ಲ ಗೊತ್ತಿದ್ದದ್ದೇ. ಅವರು ಕೇಳಿದ ಹಾಗೆ ಬರೆಯುವವರು. ಹಾಗಾಗಿ ಅವರ ಪುಸ್ತಕದಲ್ಲಿ ಜೂನ್ ತಿಂಗಳಿಗೆ "ಜೋರು ಮಲೆ" ಬರುತ್ತದೆ, ಅಂಗಳದ "ಮನ್ನು" ಕೊಚ್ಚಿ ಹೋಗುತ್ತದೆ. "ಬಂಗುಡೆ ಕೊಲೆಯಿತು" ಎಂದು ಒಂದು ಕಡೆ ಓದಿ ನಾನು ಹತ್ತು ನಿಮಿಷ ನಗಾಡಿದ್ದೇನೆ. ಕೊಳೆತದ್ದು ಪಾಪ. ಮಾತುಕತೆ ಬಂದಲ್ಲಿ ಮಾತ್ರ ಅವರು ಕನ್ನಡ ಬಿಟ್ಟು ಬ್ಯಾರಿಯಲ್ಲೇ ಬರೆಯುತ್ತಾರೆ, ಕನ್ನಡ ಅಕ್ಷರದಲ್ಲಿ. ಮಂಗಳೂರಿನಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಶುರುವಾದದ್ದು 2007ರಲ್ಲಿ. ಅದಕ್ಕಿಂತ ಮೂವತ್ತು ವರ್ಷ ಮೊದಲೇ ಬಂದ್ಯೋಡಿನ ಒಂದು ಅಡಿಗೆಕೋಣೆಯಲ್ಲಿ ಬ್ಯಾರಿ ಬರಹ ನಡೆಯುತ್ತಿತ್ತು ಎಂದು ನಾನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದು ಇರಬಹುದು, ಒಮ್ಮೆ ಹತ್ತಿ ನೋಡಿ.

ಈಗ ಲಂಕೇಶ್ ಪತ್ರಿಕೆಯ ವಿಷಯ. ಅಂಗಡಿಗೆ ಪೊಟ್ಟಣ ಕಟ್ಟಲು ರದ್ದಿ ಕಾಗದ ಬೇಕು. ಉಪ್ಪಪ್ಪ ಮಂಗಳೂರಿನ ಬಂದರಿನಿಂದ ಸಾಮಾನು ತರುವಾಗ ರದ್ದಿಯ ಕಟ್ಟೂ ತರುತ್ತಿದ್ದರು. ಪೊಟ್ಟಣ ಆಗುವ ಮೊದಲು ಆ ಕಟ್ಟು ಒಂದು ರಾತ್ರಿ ಮನೆಯಲ್ಲಿ ಇರಬೇಕು, ಅದು ಉಮ್ಮಮ್ಮ ಮಾಡಿದ ಕಾನೂನು. 1981ರಲ್ಲಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಸಾರಾ ಅವರು ಹುಟ್ಟಿದ್ದು ನಮ್ಮ ಕಾಸರಗೋಡಿನಲ್ಲಿಯೇ, ಉಮ್ಮಮ್ಮನಿಗಿಂತ ಎಂಟು ವರ್ಷ ದೊಡ್ಡವರು. ನಮ್ಮ ಮನೆಗೆ ಆ ಕಾದಂಬರಿ ಬಂದದ್ದು ತಿಂಗಳುಗಳು ತಡವಾಗಿ, ರದ್ದಿಯ ಕಟ್ಟಿನಲ್ಲಿ, ಹಿಂದುಮುಂದಾಗಿ. ಮೊದಲು ನಡುವಿನ ಒಂದು ಕಂತು ಸಿಕ್ಕಿತು. ಆಮೇಲೆ ಶುರುವಿನದ್ದು. ಕೆಲವು ಸಿಗಲೇ ಇಲ್ಲ.

ಸಿಗದ ಕಂತುಗಳನ್ನು ಉಮ್ಮಮ್ಮ ತಾವೇ ಬರೆದರು.

ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಅಂಗಡಿ ಖಾಲಿ ಮಾಡುವಾಗ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥ ಆಗುವ ಕೆಲಸದಲ್ಲಿ ನಮ್ಮ ಅಂಗಡಿಯ ಜಾಗವೂ ಹೋಯಿತು. ಅಂಗಡಿಯ ಅಟ್ಟದಲ್ಲಿ ಇದ್ದದ್ದು, ಮನೆಯ ಅಟ್ಟದಲ್ಲಿ ಇದ್ದದ್ದು ಸೇರಿ ನಲವತ್ತೊಂದು ಪುಸ್ತಕ. ನಾಲ್ಕಕ್ಕೆ ಗೆದ್ದಲು ಹಿಡಿದಿತ್ತು. ನಾನು ಬೈಕಂಪಾಡಿಯಲ್ಲಿ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವನು, ಮೆಕ್ಯಾನಿಕಲ್ ಡಿಪ್ಲೊಮಾ. ಸಾಹಿತ್ಯ ನನಗೆ ದೂರ, ಆದರೆ ತೇವ ಏನು ಮಾಡುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಹೊಸ ಗೇಜುಗಳ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ಲಿನ ಸಣ್ಣ ಚೀಲಗಳನ್ನು ಒಂದು ವರ್ಷ ಒಟ್ಟುಗೂಡಿಸಿ, ಬಿಸಿಲಿಗೆ ಹಾಕಿ ಒಣಗಿಸಿ, ದೊಡ್ಡ ಬಿಸ್ಕತ್ತಿನ ಡಬ್ಬಿಗಳಲ್ಲಿ ಪುಸ್ತಕದ ಜೊತೆ ಹಾಕಿದೆ. ಹೊಲಿಗೆ ಬಿಚ್ಚಿದ ಪುಸ್ತಕಗಳಿಗೆ ಎರಡು ಮಿಲಿಮೀಟರ್ ಬಿಟ್ಟಿನಲ್ಲಿ ತೂತು ಕೊರೆದು ನೂಲು ಹಾಕಿದೆ. ಮಗುವಿಗೆ ಕಿವಿ ಚುಚ್ಚುವಾಗ ನೋಡುವ ಹಾಗೆ ಉಮ್ಮಮ್ಮ ಪಕ್ಕದಲ್ಲೇ ನಿಂತು ನೋಡಿದರು. ಆಮೇಲೆ ರಾತ್ರಿ ಹೊತ್ತು ಒಂದೊಂದೇ ಪುಟ ಮೊಬೈಲಿನಲ್ಲಿ ಫೋಟೋ ತೆಗೆದು, ಟೈಪ್ ಮಾಡಲು ಕುಳಿತೆ. ಲ ಮತ್ತು ಳ ಸರಿ ಮಾಡಿದ್ದೇನೆ. ಬ್ಯಾರಿ ಮಾತನ್ನು ಮುಟ್ಟಿಲ್ಲ.

ಟೈಪ್ ಮಾಡುತ್ತಾ ಹೋದ ಹಾಗೆ ಗೊತ್ತಾಯಿತು, ಉಮ್ಮಮ್ಮನಿಗೆ ಗೌಜಿ ಎಂದರೆ ಎಷ್ಟು ಇಷ್ಟ ಎಂದು. ಮಂಗಿಲಗಳ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಆದೀತು. ಆದರೆ ಅವರು ಮದುಮಗಳ ಸೀರೆ, ಮೈಲಾಂಜಿ, ಚಿನ್ನ ಎಂದು ಬರೆಯುವವರಲ್ಲ. ಅವರ ಕಣ್ಣು ಇರುವುದು ಅಡಿಗೆಯ ಕಡೆ ಮತ್ತು ಬಾಗಿಲಿನ ಕಡೆ. ನನ್ನ ದೊಡ್ಡ ಅತ್ತೆಯ ಮಂಗಿಲದಲ್ಲಿ ನೈಚೋರಿಗೆ ತುಪ್ಪ ಸಾಲದೆ ಹೋಗಿ, ಒಳಗೆ ಮೂರು ಹೆಂಗಸರು ಪಿಸುಪಿಸು ಮಾತಾಡಿ, ಅಂಗಡಿಯ ಡಬ್ಬ ಹಿತ್ತಲ ಬಾಗಿಲಿನಿಂದ ಬಂದದ್ದು ಎರಡು ಪುಟ ಉಂಟು. ಪುದಿಯಾಪ್ಳೆ ಬಂದ ಹೊತ್ತಿಗೆ ಎಲ್ಲರೂ ಮುಂದೆ ಓಡುವಾಗ ಒಲೆಯ ಹತ್ತಿರ ಉಳಿದ ಒಬ್ಬ ಹೆಂಗಸು ಸೌಟು ಕೈಯಲ್ಲಿ ಹಿಡಿದು ಒಬ್ಬಳೇ ಹಾಡಿಕೊಂಡದ್ದು ಒಂದು ಪುಟ. ಉಮ್ಮಮ್ಮ ಪೆನ್ನನ್ನು ತಟ್ಟದ ಗಂಟಿನಲ್ಲಿ ಸಿಕ್ಕಿಸಿಕೊಂಡೇ ಮಂಗಿಲಕ್ಕೆ ಹೋಗುತ್ತಿದ್ದದ್ದಂತೆ. ಲೆಕ್ಕ ಬರೆಯುವವರು ಯಾರಾದರೂ ಬೇಕಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು.

ಪ್ರಯಾಣಗಳೂ ಹಾಗೆಯೇ. ವರ್ಷಕ್ಕೆ ಎರಡು ಸಲ ಉಪ್ಪಪ್ಪನ ಜೊತೆ ರೈಲಿನಲ್ಲಿ ಮಂಗಳೂರಿಗೆ. ಉಪ್ಪಳದಲ್ಲಿ ಹತ್ತಿದರೆ ಮಂಜೇಶ್ವರ, ಉಳ್ಳಾಲ, ಆಮೇಲೆ ನೇತ್ರಾವತಿ. ಪ್ರತಿ ಸಲ ನೇತ್ರಾವತಿಯ ನೀರಿನ ಬಣ್ಣ ಬರೆದಿಟ್ಟಿದ್ದಾರೆ: ಕೆಂಪು, ಬೂದಿ, ಹಸಿರು, ಒಂದು ಸಲ "ನಮ್ಮ ಚಾ". ಉಪ್ಪಪ್ಪ ಬಂದರಿಗೆ ಹೋದರೆ ಅವರು ನೆಂಟರ ಮನೆಯಲ್ಲಿ ಕಾಯಬೇಕು. ವಾಪಸು ಬರುವಾಗ ಹಂಪನಕಟ್ಟೆಯಲ್ಲಿ ಗಡ್‌ಬಡ್ ಐಸ್‌ಕ್ರೀಂ. ಮೊದಲ ಸಲ ತಿಂದ ದಿನ, ಅದರ ಗ್ಲಾಸಿನೊಳಗೆ ಏನೇನಿತ್ತು ಎಂದು ಅಡಿಯಿಂದ ಮೇಲಕ್ಕೆ ಪದರ ಪದರವಾಗಿ ಬರೆದಿದ್ದಾರೆ. ನಮ್ಮ ಡ್ರಾಯಿಂಗ್ ಕ್ಲಾಸಿನಲ್ಲಿ ಕಲಿಸುವ ಸೆಕ್ಷನ್ ವ್ಯೂ ಎಂದರೆ ಅದೇ.

ಪುಸ್ತಕ ಮಾಡಿಸುವ ಮಾತು ಬಂದದ್ದು ದೊಡ್ಡಪ್ಪನಿಂದ. ಅವರು ಉತ್ಸಾಹದ ಮನುಷ್ಯ, ಹಣವೂ ಇದೆ. ಉಮ್ಮನಿಗೆ ಎಂಬತ್ತು ಆಯಿತು, ಒಳ್ಳೆಯ ಪುಟಗಳನ್ನು ಆರಿಸಿ ಒಂದು ಪುಸ್ತಕ ಮಾಡೋಣ, ಕುಟುಂಬದವರಿಗೆಲ್ಲ ಹಂಚೋಣ ಎಂದರು. ಎಲ್ಲರಿಗೂ ಖುಷಿಯಾಯಿತು. ನಾನು ಟೈಪ್ ಮಾಡಿದ್ದನ್ನು ಪ್ರಿಂಟ್ ತೆಗೆದು ಕೊಟ್ಟೆ. ನಾಲ್ಕು ದಿನ ಕಳೆದು ದೊಡ್ಡಪ್ಪ ಫೋನು ಮಾಡಿದರು. 1982ನೇ ಇಸವಿಯ ಆ ಹದಿನೇಳು ಪುಟ ಬೇಡ ಎಂದರು.

ಆ ಹದಿನೇಳು ಪುಟ ಎಂದರೆ ಸಿಗದ ಕಂತುಗಳು. ಕಾದಂಬರಿಯ ಕೊನೆಯ ಕಂತು ರದ್ದಿಯಲ್ಲಿ ಬಂದಿರಲಿಲ್ಲ. ಉಮ್ಮಮ್ಮ ಬರೆದ ಕೊನೆಯಲ್ಲಿ ನಾದಿರಾ ಸಾಯುವುದಿಲ್ಲ. ಒಂದು ಟ್ರಂಕು ಮತ್ತು ನಾಲ್ಕು ವರ್ಷದ ಮಗುವಿನ ಜೊತೆ ದೋಣಿಯಲ್ಲಿ ಹೊಳೆ ದಾಟಿ ಅಕ್ಕನ ಮನೆಗೆ ಬರುತ್ತಾಳೆ. ಅಕ್ಕನ ಗಂಡನಿಗೆ ಅಂಗಡಿ ಇದೆ. ಅಲ್ಲಿಂದ ಮುಂದೆ ನಾದಿರಾ ಎಂಬ ಹೆಸರು ನಿಧಾನಕ್ಕೆ ಬಿಟ್ಟುಹೋಗುತ್ತದೆ, "ತಂಗಿ" ಎಂದು ಬರುತ್ತದೆ. ಗಲ್ಫಿನಿಂದ ಬಂದ ಕಾಗದ, ಅದರಲ್ಲಿ ಮೂರು ಸಲ ಬರೆದ ಒಂದೇ ಶಬ್ದ, ಅದನ್ನು ಓದಿ ಹೇಳಲು ಉಸ್ತಾದರು ಪಟ್ಟ ಕಷ್ಟ, ಆ ರಾತ್ರಿ ತಂಗಿ ಯಾವ ಸೀರೆ ಉಟ್ಟಿದ್ದಳು, ಮರುದಿನ ಯಾರ್ಯಾರು ಬಂದು ಏನೇನು ಹೇಳಿದರು ಎಲ್ಲವೂ. ಬಂದವರಲ್ಲಿ ಕೆಲವರ ಮಕ್ಕಳು ಈಗ ನಮ್ಮ ಹತ್ತಿರದ ನೆಂಟರು. ದೊಡ್ಡಪ್ಪನ ಮೊಮ್ಮಗಳಿಗೆ ಸಂಬಂಧ ನೋಡುತ್ತಿದ್ದ ಸಮಯ ಅದು. ಅವರ ಭಯ ನನಗೆ ಅರ್ಥವಾಗುತ್ತದೆ. ಮನೆಯ ಮರ್ಯಾದೆ ಎಂದು ಅವರು ಹೇಳಿದ್ದು ಚೆರಿಯುಮ್ಮನ ಮರ್ಯಾದೆಯನ್ನೂ ಸೇರಿಸಿಯೇ.

ನಾನು ಉಮ್ಮಮ್ಮನಿಗೆ ವಿಷಯ ಹೇಳಿದೆ. ಅವರು ಬಸಳೆ ಬಿಡಿಸುತ್ತಿದ್ದರು. "ಹಾಗಾದರೆ ಪುಸ್ತಕ ಬೇಡ" ಎಂದರು. ಸಿಟ್ಟಿಲ್ಲ, ಜೋರಿಲ್ಲ. ನನಗೆ ಬೇಸರವಾಯಿತು, ಎರಡು ವರ್ಷದ ರಾತ್ರಿಗಳ ಕೆಲಸ. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: "ನನ್ನ ಹತ್ತಿರ ಯಾಕೆ ಕೇಳುವುದು? ಯಾರದ್ದು ಕತೆಯೋ ಅವಳ ಹತ್ತಿರ ಕೇಳು."

ಸಾರಾ ಅಬೂಬಕ್ಕರ್ ಅವರು ಮಂಗಳೂರಿನಲ್ಲಿ ತೀರಿಹೋದದ್ದು 2023ರ ಜನವರಿ 10ಕ್ಕೆ. ಆ ದಿನದ ಉಮ್ಮಮ್ಮನ ಬರಹವನ್ನು ನಾನು ಆಮೇಲೆ ತೆಗೆದು ನೋಡಿದೆ. ಪೂರ್ತಿ ಕಾದಂಬರಿಯನ್ನು ಅವರು ಎಷ್ಟೋ ವರ್ಷ ಮೊದಲೇ ಓದಿ ಮುಗಿಸಿದ್ದರು, ಕೊನೆ ಬೇರೆ ಎಂದು ಗೊತ್ತಿತ್ತು. ಬರೆದದ್ದು ಇಷ್ಟೇ: ಅವರಿಗೆ ಗೊತ್ತಿದ್ದ ನಾದಿರಾ ಸತ್ತಳು, ನನಗೆ ಗೊತ್ತಿದ್ದವಳು ಕುಂಬಳೆಯಲ್ಲಿ ಇದ್ದಾಳೆ, ಎರಡೂ ಸತ್ಯ.

ಕುಂಬಳೆಯಲ್ಲಿ ಚೆರಿಯುಮ್ಮ ಈಗಲೂ ಇದ್ದಾರೆ. ಎಪ್ಪತ್ತೆರಡು. ಮಗಳ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ. ಕಣ್ಣು ಮೊದಲಿನ ಹಾಗಿಲ್ಲ, ಆದರೂ ದಿಂಬಿನ ಕವರು, ಮಕ್ಕಳ ಪಾಯಿಜಾಮ ಹೊಲಿಯುತ್ತಾರೆ. ಹೋಗಿ ಕೇಳುವುದು ಹೇಗೆ? ಮಾತು ತೆಗೆಯುವುದೇ ಕಷ್ಟ. ಆ ಕಾಗದದ ವಿಷಯವನ್ನು ನಲವತ್ತು ವರ್ಷದಲ್ಲಿ ಯಾರೂ ಅವರ ಮುಂದೆ ಎತ್ತಿದವರಿಲ್ಲ. ಅದನ್ನೇ ನಾವು ದೊಡ್ಡ ಗೌರವ ಎಂದುಕೊಂಡಿದ್ದೆವು.

ಅಷ್ಟರಲ್ಲಿ 2024ರ ಚೆರಿಯ ಪೆರ್ನಾಲ್ ಬಂತು. ಏಪ್ರಿಲ್ 9ಕ್ಕೆ ಮಗ್ರಿಬ್ ಆದ ಮೇಲೆ ಕೇರಳದಲ್ಲಿ ಚಂದ್ರ ಕಂಡ ಸುದ್ದಿ ಬಂತು, ಮರುದಿನ ನಮಗೂ ಮಂಗಳೂರಿನವರಿಗೂ ಪೆರ್ನಾಲ್. ಬೆಂಗಳೂರಿನಲ್ಲಿರುವ ನನ್ನ ತಮ್ಮನಿಗೆ ಮಾತ್ರ ಇನ್ನೊಂದು ನೋಂಬು ಬಾಕಿ. ನಾವು ಪಿಂಡಿ ತಿನ್ನುತ್ತಾ ಅವನಿಗೆ ವೀಡಿಯೊ ಕಾಲ್ ಮಾಡಿದೆವು. ಅವನು ಕಾಲ್ ಕಟ್ ಮಾಡಿದ. ಇದನ್ನೂ ಉಮ್ಮಮ್ಮ ಬರೆದಿದ್ದಾರೆ, ನಮ್ಮೆಲ್ಲರ ಹೆಸರು ಹಾಕಿ.

ಶನಿವಾರ ಬೇಕಲ ಕೋಟೆಗೆ ಹೋಗುವುದೆಂದು ಮಾತಾಯಿತು. ಎರಡು ಕಾರು, ಹನ್ನೊಂದು ಜನ, ಕುಂಬಳೆಯಲ್ಲಿ ಚೆರಿಯುಮ್ಮನನ್ನು ಹತ್ತಿಸಿಕೊಂಡೆವು. ನೈಪತ್ತಿರ್, ಕೋಳಿ ಸುಕ್ಕ, ಒಂದು ದೊಡ್ಡ ಫ್ಲಾಸ್ಕ್ ಚಾ. ಕಾಸರಗೋಡು ಪೇಟೆ ದಾಟಿ ಕರಾವಳಿ ರಸ್ತೆಯಲ್ಲಿ ಹೋದರೆ ಚಂದ್ರಗಿರಿ ಸೇತುವೆ ಸಿಗುತ್ತದೆ. ಉಮ್ಮಮ್ಮ "ಸ್ವಲ್ಪ ನಿಧಾನ" ಎಂದರು. ನಿಧಾನ ಮಾಡಿದರೆ ಹಿಂದಿನ ಬಸ್ಸಿನವನು ಹಾರ್ನು. ನೀರು ಇಳಿತದಲ್ಲಿತ್ತು. ಅಕ್ಕತಂಗಿಯರಿಬ್ಬರೂ ಒಂದೇ ಕಿಟಕಿಯಿಂದ ನೋಡಿದರು, ಏನೂ ಮಾತಾಡಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಮಗಳು ಮಲಯಾಳಂ ಬೋರ್ಡುಗಳನ್ನು ಒಂದೊಂದಾಗಿ ಜೋರಾಗಿ ಓದುತ್ತಿದ್ದಳು. ಒಂದನೇ ಕ್ಲಾಸು. ಇಂಗ್ಲಿಷ್ ಬರುತ್ತದೆ, ಮಲಯಾಳಂ ಬರುತ್ತದೆ. ಕನ್ನಡದಲ್ಲಿ ಅವಳಿಗೆ ಅವಳ ಹೆಸರು ಮಾತ್ರ ಗೊತ್ತು. ಮುತ್ತಜ್ಜಿಯ ನಲವತ್ತೊಂದು ಪುಸ್ತಕದಲ್ಲಿ ಅವಳು ಇವತ್ತು ಓದಬಲ್ಲದ್ದು ಉಪ್ಪಪ್ಪನ ಅಂಕಿಗಳನ್ನು ಮಾತ್ರ.

ಬೇಕಲ ಕೋಟೆ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ ಎಂದು ಶಾಲೆಯಲ್ಲಿ ಓದಿದ್ದೇವೆ. ನನಗೆ ಅದರಲ್ಲಿ ಇಷ್ಟದ ಸಂಗತಿ ನಡುವಿನ ವೀಕ್ಷಣಾ ಗೋಪುರ. ಮೆಟ್ಟಿಲಿಲ್ಲ, ಅಗಲವಾದ ಇಳಿಜಾರು ದಾರಿ. ಹಾಗಾಗಿ ಎಂಬತ್ತು ವರ್ಷದವರನ್ನೂ ಕೈಹಿಡಿದು ಮೇಲಕ್ಕೆ ಕರೆದುಕೊಂಡು ಹೋಗಬಹುದು. ತೋಪು ಎಳೆದುಕೊಂಡು ಹೋಗಲು ಮಾಡಿದ್ದೋ ಏನೋ, ನಮ್ಮ ಉಮ್ಮಮ್ಮನಿಗೆ ಉಪಯೋಗಕ್ಕೆ ಬಂತು. ಮೇಲೆ ಗಾಳಿ. ಚೆರಿಯುಮ್ಮ ಸಮುದ್ರದ ಕಡೆ ಬೆನ್ನು ಹಾಕಿ ಕುಳಿತು "ಈ ಗೋಡೆ ಕಟ್ಟಿದವರಿಗೆ ಊಟ ಯಾರು ಹಾಕಿದ್ದು?" ಎಂದು ಕೇಳಿದರು. ಉಮ್ಮಮ್ಮನ ತಂಗಿಯೇ ಸರಿ.

ಮಧ್ಯಾಹ್ನ ನಾವು ಕೆಳಗಿಳಿದು ನೆರಳು ಹುಡುಕಿ ಊಟ ಮಾಡಿದೆವು. ಮಕ್ಕಳೆಲ್ಲ ಕೆಳಗೆ ಕಡಲ ಕಡೆಗೆ ಹೋದರು. ಉಮ್ಮಮ್ಮ ತಮ್ಮ ಚೀಲದಿಂದ ನಾನು ಪ್ರಿಂಟ್ ತೆಗೆದುಕೊಟ್ಟ ಹಾಳೆಗಳನ್ನು ತೆಗೆದು ನನ್ನ ಕೈಗೆ ಕೊಟ್ಟು "ಓದು" ಎಂದರು. ತಂಗಿಗೆ ಕನ್ನಡ ಓದಲು ಬರುವುದಿಲ್ಲವಲ್ಲ. ಇವರು ತಮ್ಮ ಬಾಯಿಯಿಂದ ಓದುವುದಿಲ್ಲ ಎಂದರು. ದೊಡ್ಡಪ್ಪ ಅಲ್ಲಿಯೇ ಇದ್ದರು, ಎದ್ದು ಹೋಗಲೂ ಇಲ್ಲ, ಬೇಡವೆನ್ನಲೂ ಇಲ್ಲ. ಚಾಪೆಯ ಅಂಚನ್ನು ಬೆರಳಿನಲ್ಲಿ ಕೀಳುತ್ತಾ ಕುಳಿತರು.

ನಾನು ಕನ್ನಡದಲ್ಲಿ ಒಂದು ವಾಕ್ಯ ನೋಡಿ ಬ್ಯಾರಿಯಲ್ಲಿ ಹೇಳುತ್ತಾ ಹೋದೆ. ಮಾತುಕತೆಯ ಭಾಗ ಬ್ಯಾರಿಯಲ್ಲೇ ಇತ್ತು, ಅದನ್ನು ಇದ್ದ ಹಾಗೆ ಓದಿದೆ. ಆಗ ಒಂದು ವಿಚಿತ್ರ ಗಮನಕ್ಕೆ ಬಂತು. ನನ್ನ ಬಾಯಿಯಿಂದ ಬರುತ್ತಿದ್ದದ್ದು 1980ರಲ್ಲಿ ನಮ್ಮ ಚಾವಡಿಯಲ್ಲಿ ಕುಳಿತು ಮಾತಾಡಿದ ಜನರ ಮಾತು, ಅವರು ಹೇಳಿದ ಹಾಗೆಯೇ. ಒಬ್ಬರ ತೊದಲು, ಇನ್ನೊಬ್ಬರ ಕೆಮ್ಮು ಸಮೇತ. ಅವರಲ್ಲಿ ಹೆಚ್ಚಿನವರು ಈಗ ಇಲ್ಲ. ಚೆರಿಯುಮ್ಮ ಒಂದೆರಡು ಕಡೆ ನಕ್ಕರು. ಒಬ್ಬರ ಮಾತು ಬರುವಾಗ "ಹೌದು, ಅವನು ಹಾಗೆಯೇ ಹೇಳಿದ್ದು" ಎಂದರು. ಕಾಗದದ ಪುಟ ಬಂತು. ನಾನು ನಿಲ್ಲಿಸಿ ಮುಖ ನೋಡಿದೆ. "ಓದು ಓದು" ಎಂದರು. ಸೀರೆಯ ಕಡೆ ಬಂದಾಗ ಅವರೇ ತಡೆದರು. "ಹಸಿರಲ್ಲ. ನೀಲಿ. ಹಸಿರು ಟ್ರಂಕಿನಲ್ಲಿತ್ತು." ಉಮ್ಮಮ್ಮ ಪೆನ್ನು ತೆಗೆದು ಹಾಳೆಯಲ್ಲಿ ತಿದ್ದಿದರು.

ಓದಿ ಮುಗಿಯುವಾಗ ಸುಮಾರು ಮುಕ್ಕಾಲು ಗಂಟೆ ಆಗಿತ್ತು. ದೊಡ್ಡಪ್ಪ ಮೆಲ್ಲಗೆ "ಇದು ಪುಸ್ತಕದಲ್ಲಿ ಬರುವುದು ಬೇಡ ಅಲ್ಲವಾ?" ಎಂದು ಕೇಳಿದರು. ಚೆರಿಯುಮ್ಮ ಅವರನ್ನು ನೋಡಲಿಲ್ಲ, ಅಕ್ಕನನ್ನು ನೋಡಿದರು.

"ಮಿಷನಿನ ವಿಷಯ ಯಾಕೆ ಬರೆಯಲಿಲ್ಲ?"

ಉಮ್ಮಮ್ಮನಿಗೂ ಅರ್ಥವಾಗಲಿಲ್ಲ. ಬರೆದಿದ್ದಾರೆ, ಅಂಗಡಿಯವರು ಹೊಲಿಗೆ ಮಿಷನ್ ತಂದುಕೊಟ್ಟರು ಎಂದು ಒಂದು ಸಾಲು ಇದೆ.

ಆಗ ಚೆರಿಯುಮ್ಮ ಮಾತಾಡಿದ್ದನ್ನು ನಾನು ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ತಲಾಖಿನ ವಿಷಯ ಊರಿಗೆಲ್ಲ ಗೊತ್ತಿದೆ, ಅದನ್ನು ಬರೆದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅದು ತನ್ನ ಕೆಲಸ ಅಲ್ಲ, ಇನ್ನೊಬ್ಬನ ಕೆಲಸ. ಆದರೆ ಭಾವ ತಂದ ಮಿಷನಿಗೆ ತಾನು ತಿಂಗಳು ತಿಂಗಳು ಹಣ ಕೊಟ್ಟಿದ್ದೇನೆ. ಜಂಪರ್ ಹೊಲಿದು, ಕಾಜಾ ಹಾಕಿ, ಪೆರ್ನಾಲ್ ಸಮಯದಲ್ಲಿ ರಾತ್ರಿ ಎರಡು ಗಂಟೆ ತನಕ ಕುಳಿತು. ಪೂರ್ತಿ ಕೊಟ್ಟು ಮುಗಿಸಿದ್ದೇನೆ. ಊರಿನವರು ಮಾತ್ರ ಇವತ್ತಿಗೂ ಹೇಳುವುದು ಏನು? ಪಾಪ, ಅಕ್ಕನ ಗಂಡ ಒಂದು ಮಿಷನ್ ದಾನ ಮಾಡಿದ, ಅದರಲ್ಲಿ ಜೀವನ ಆಯಿತು ಎಂದು. ತನ್ನ ಮಗಳ ಮಂಗಿಲದ ದಿನ ಕೂಡ ಒಬ್ಬರು ಅದನ್ನೇ ಹೇಳಿದರು. ಬರೆಯುವುದಾದರೆ ಅದನ್ನು ಬರೆಯಬೇಕು. ಅದಿಲ್ಲದೆ ಬಾಕಿದ್ದು ಮಾತ್ರ ಬರುವುದಾದರೆ ಬೇಡ.

ಉಮ್ಮಮ್ಮ ಸುಮ್ಮನಾದರು. ಉಪ್ಪಪ್ಪ ಈ ಲೆಕ್ಕವನ್ನು ಅವರಿಗೆ ಹೇಳಿಯೇ ಇರಲಿಲ್ಲ. ತಂಗಿಯೂ ಹೇಳಿರಲಿಲ್ಲ, ಅಕ್ಕನಿಗೆ ಬೇಸರವಾದೀತು ಎಂದು. ಅಂದರೆ ಅದೇ ಪುಸ್ತಕದ ಹಿಂದಿನಿಂದ ಒಬ್ಬರು ಈ ಕತೆ ಬರೆಯುತ್ತಿದ್ದಾಗ ಮುಂದಿನಿಂದ ಇನ್ನೊಬ್ಬರು ಅದರ ಹಣ ಬರೆದುಕೊಳ್ಳುತ್ತಿದ್ದರು. ಎರಡು ವರ್ಷದಿಂದ ನಾನು ಟೈಪ್ ಮಾಡುತ್ತಿದ್ದದ್ದು ಹಿಂಬದಿಯನ್ನು ಮಾತ್ರ. ಮುಂಬದಿ ಬರೀ ಅಕ್ಕಿ ಸಕ್ಕರೆ ಎಂದು ಮನೆಯಲ್ಲಿ ಯಾರೂ ಓದಿರಲಿಲ್ಲ.

ವಾಪಸು ಬರುವ ದಾರಿಯಲ್ಲಿ ಸೂರ್ಯ ಮುಳುಗುವುದನ್ನು ನೋಡಲು ಕಾಪಿಲ್ ಕಡಲ ಹತ್ತಿರ ನಿಲ್ಲಿಸಬೇಕೆಂದು ಮಕ್ಕಳ ಹಟ. ನಿಲ್ಲಿಸಿದೆವು. ಮರಳು ತುಂಬಿದ ಕಾರು ತೊಳೆಯಲು ನನಗೆ ಮರುದಿನ ಬೆಳಿಗ್ಗೆ ಪೂರ್ತಿ ಬೇಕಾಯಿತು.

ಆ ರಾತ್ರಿಯೇ ಡಬ್ಬಿ ತೆರೆದೆ. ಉಪ್ಪಪ್ಪನ ಅಕ್ಷರ ಕಷ್ಟ, ಅವರದ್ದೇ ಸಂಕ್ಷೇಪ. "ತಂ. ಮಿ." ಎಂದು 1981ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಕಂಡಿತು. ತಂಗಿ, ಮಿಷನ್. ಇಪ್ಪತ್ತು ರೂಪಾಯಿ. ಅಕ್ಟೋಬರಿನಲ್ಲಿ ಇಪ್ಪತ್ತು. ನವೆಂಬರಿನಲ್ಲಿ ಹದಿನೈದು, ಡಿಸೆಂಬರಿನಲ್ಲಿ ಇಪ್ಪತ್ತೈದು. ಮಳೆಗಾಲದಲ್ಲಿ ಎರಡು ತಿಂಗಳು ಹತ್ತು ಹತ್ತು, ಪೆರ್ನಾಲ್ ಕಳೆದ ತಿಂಗಳು ಒಟ್ಟಿಗೆ ನಲವತ್ತು. ಮುಂದಿನ ವರ್ಷದ ಪುಸ್ತಕಕ್ಕೆ ಗೆದ್ದಲು ಹಿಡಿದಿತ್ತು, ನನಗೆ ಎದೆ ಧಸಕ್ ಎಂದಿತು. ಆದರೆ ಗೆದ್ದಲು ತಿಂದದ್ದು ಮೇಲಿನ ಮೂಲೆ, ತಾರೀಕುಗಳು. ಮೊತ್ತ ಉಳಿದಿತ್ತು. ಒಂದು ಹಾಳೆಯಲ್ಲಿ ಕೂಡಿಸುತ್ತಾ ಹೋದೆ. 1983ರ ಜೂನ್ ಎಂದು ಕಾಣುವ ಪುಟದಲ್ಲಿ ಕೊನೆಯ ಇಪ್ಪತ್ತು. ಒಟ್ಟು ನಾನೂರ ಅರವತ್ತು. ಅದರ ಎದುರು ಉಪ್ಪಪ್ಪ ಕೆಂಪು ಶಾಯಿಯಲ್ಲಿ ಗೀಟು ಹಾಕಿ ಬರೆದದ್ದು: ತಂ. ಮಿ. ಬಾಬ್ತು ಚುಕ್ತಾ. ಊರಿನ ಬೇರೆ ಯಾರ ಲೆಕ್ಕಕ್ಕೂ ಅವರು ಕೆಂಪು ಶಾಯಿ ಬಳಸಿದ್ದನ್ನು ನಾನು ಕಂಡಿಲ್ಲ.

ದೊಡ್ಡಪ್ಪನಿಗೆ ಫೋಟೋ ಕಳಿಸಿದೆ. ಅವರು ಅದೇ ದಿನ ಮನೆಗೆ ಬಂದು ಪುಸ್ತಕವನ್ನೇ ಕೈಯಲ್ಲಿ ಹಿಡಿದು ನೋಡಿದರು. ತಮ್ಮ ತಂದೆಯ ಅಕ್ಷರವನ್ನು ಅವರು ನೋಡದೆ ಎಷ್ಟು ವರ್ಷವಾಗಿತ್ತೋ. ಹದಿನೇಳು ಪುಟದ ಬಗ್ಗೆ ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಲೆಕ್ಕದ ಪುಟಗಳನ್ನು ಅಚ್ಚು ಮಾಡುವಾಗ ಕೆಂಪು ಕೆಂಪಾಗಿಯೇ ಬರಬೇಕೆಂದರೆ ಬಣ್ಣದ ಪ್ರಿಂಟಿಗೆ ಎಷ್ಟು ಹೆಚ್ಚು ಆಗುತ್ತದೆ ಎಂದು ಕೇಳಿದರು. ವಿಚಾರಿಸಿ ಹೇಳುತ್ತೇನೆ ಎಂದೆ. ಉಮ್ಮಮ್ಮ ಆ ಒಂದು ಸಾಲನ್ನು ಹೊಡೆದು ಹಾಕಿ ಮಿಷನಿನ ವಿಷಯ ಹೊಸದಾಗಿ ಬರೆಯುತ್ತಿದ್ದಾರೆ. ತಂಗಿಗೆ ಫೋನು ಮಾಡಿ ಒಂದೊಂದೇ ಕೇಳುತ್ತಾರೆ, ಕಾಜಾಕ್ಕೆ ಎಷ್ಟು ಪೈಸೆ, ಜಂಪರಿಗೆ ಎಷ್ಟು. ಇಬ್ಬರಿಗೂ ಕಿವಿ ಸ್ವಲ್ಪ ಮಂದ, ಹಾಗಾಗಿ ಅಕ್ಕಪಕ್ಕದವರಿಗೂ ಈಗ ದರ ಗೊತ್ತಾಗಿದೆ. ನನ್ನ ಮಗಳು ಪಕ್ಕದಲ್ಲಿ ಕುಳಿತು ಅಂಕಿಗಳನ್ನು ಬರೆದುಕೊಡುತ್ತಾಳೆ, ಜೊತೆಗೆ ದಿನಕ್ಕೊಂದು ಕನ್ನಡ ಅಕ್ಷರ. ಮೊನ್ನೆ "ಳ" ಕಲಿತಳು. ಅದು ಬೇಕಾಗುವುದಿಲ್ಲ ಎಂದು ಉಮ್ಮಮ್ಮ ಹೇಳಿದರಂತೆ.

ಚೆರಿಯುಮ್ಮ ಆ ಚುಕ್ತಾ ಪುಟದ ಎರಡು ಪ್ರತಿ ಬೇಕೆಂದು ಹೇಳಿ ಕಳಿಸಿದ್ದರು. ಒಂದು ಮಗಳಿಗೆ. ಇನ್ನೊಂದನ್ನು ಲ್ಯಾಮಿನೇಶನ್ ಮಾಡಿಸಿ ಕೊಟ್ಟು ಬಂದೆ, ಮಿಷನಿನ ಮೇಲಿನ ಗೋಡೆಗೆ ಮೊಳೆ ಹೊಡೆದದ್ದೂ ನಾನೇ. ಬಟ್ಟೆ ಕೊಡಲು ಬರುವವರಿಗೆ ಕಾಣುವ ಎತ್ತರದಲ್ಲಿ ಬೇಕು ಎಂದು ಅವರು ಎರಡು ಸಲ ಕೆಳಗೆ ಇಳಿಸಿದರು.